ಮಾಲೀಕರು ನೋಟಿಸೇ ಬಂದಿಲ್ಲ ಎನ್ನುತ್ತಿದ್ದಾರೆ: ರಿಜಿಸ್ಟರ್ ಮಾಡಿ ಕಳಿಸಿದ ಪತ್ರವನ್ನು ರುಜುವಾತು ಮಾಡುವುದು ಹೇಗೆ?

ಬೆಲ್ಲದ ಪೆಂಟಿ (ಮಹಾಲಿಂಗಪುರ)
ಎಲ್ಲರಿಗೂ ನಮಸ್ಕಾರ. ಬೆಲ್ಲದ ದಾಸ್ತಾನು ಇಡುವುದಕ್ಕೆ ಮಹಾಲಿಂಗಪುರದಲ್ಲಿ ಒಂದು ಗೋದಾಮನ್ನು ನಾವು ಬಾಡಿಗೆಗೆ ಹಿಡಿದಿದ್ದೆವು. ಮಾಲೀಕರು ಇರುವುದು ಬೆಳಗಾವಿಯಲ್ಲಿ. ಗೋದಾಮು ಬಿಡುವ ಮೂರು ತಿಂಗಳು ಮೊದಲು ರಿಜಿಸ್ಟರ್ಡ್ ಅಂಚೆಯ ಮೂಲಕ ಲಿಖಿತ ನೋಟಿಸು ಕೊಡಬೇಕು, ತಪ್ಪಿದರೆ ಠೇವಣಿಯನ್ನು ಮಾಲೀಕರು ಮುರಿದುಕೊಳ್ಳಬಹುದು ಎಂದು ಕರಾರು ಪತ್ರದಲ್ಲಿದೆ. ನಾವು ಕರಾರಿನ ಪ್ರಕಾರ ಕಳೆದ ದೀಪಾವಳಿಯ ನಂತರ ನೋಟಿಸು ಕಳಿಸಿದೆವು. ಈಗ ಗೋದಾಮು ಖಾಲಿ ಮಾಡಿ ಠೇವಣಿ ಕೇಳಿದರೆ, ಮೊದಲು ಫೋನಿನಲ್ಲಿ "ನಿಮ್ಮಿಂದ ಯಾವ ಪತ್ರವೂ ಬಂದಿಲ್ಲ" ಎಂದರು. ಅಂಚೆಯ ರಸೀದಿ ಇದೆ ಎಂದಾಗ, "ಲಕೋಟೆ ಬಂದಿತ್ತು, ಆದರೆ ಒಳಗೆ ಒಂದು ಖಾಲಿ ಹಾಳೆ ಇತ್ತು" ಎಂದು ವಾಟ್ಸ್‌ಆ್ಯಪಿನಲ್ಲಿ ಬರೆದಿದ್ದಾರೆ.

ನನ್ನ ಬಳಿ ಅಂಚೆ ಕಚೇರಿಯ ರಸೀದಿ ಇದೆ. ಬಾರ್‌ಕೋಡ್ ಅಂಟಿಸಿದ ಮೇಲೆ ಕೌಂಟರಿನಲ್ಲಿಯೇ ತೆಗೆದ ಲಕೋಟೆಯ ಫೋಟೊ ಮೊಬೈಲಿನಲ್ಲಿದೆ. ಸ್ವೀಕೃತಿಯ ಕಾರ್ಡು ಮಾತ್ರ ಮರಳಿ ಬಂದಿಲ್ಲ. ಇನ್ನೊಂದು ತೊಡಕೆಂದರೆ, ಕರಾರಿನಲ್ಲಿ "ರಿಜಿಸ್ಟರ್ಡ್ ಅಂಚೆ" ಎಂದಿದೆ, ರಸೀದಿಯ ಮೇಲೆ "ಸ್ಪೀಡ್ ಪೋಸ್ಟ್" ಎಂದು ಮುದ್ರಿತವಾಗಿದೆ. ಇಷ್ಟನ್ನು ಇಟ್ಟುಕೊಂಡು ನಾನು ನೋಟಿಸು ಕೊಟ್ಟಿದ್ದೇನೆಂದು ಸಾಧಿಸಲು ಆಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಡೋಣಿ ಹೊಳೆ
ಸ್ವೀಕೃತಿಯ ಕಾರ್ಡು ಮರಳಿ ಬಂದಿಲ್ಲವೆಂದರೆ ಪತ್ರ ತಲುಪಿಲ್ಲವೆಂದೇ ಅರ್ಥ. ಕಾರ್ಡಿಲ್ಲದ ರಸೀದಿಗೆ ನ್ಯಾಯಾಲಯದಲ್ಲಿ ಬೆಲೆ ಇಲ್ಲ.

ಕಪ್ಪು ಕೋಟು (ಬೆಳಗಾವಿ)
ಮೇಲಿನ ಅಭಿಪ್ರಾಯ ಸರಿಯಲ್ಲ. ಅದನ್ನು ನಂಬಿ ಯಾರೂ ಧೈರ್ಯಗೆಡಬಾರದೆಂದು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 27ನೇ ಕಲಮು ಅಂಚೆಯ ಮೂಲಕ ಜಾರಿ ಮಾಡುವುದರ ಕುರಿತು ಹೇಳುತ್ತದೆ. ವಿಳಾಸವನ್ನು ಸರಿಯಾಗಿ ಬರೆದು, ಅಂಚೆ ವೆಚ್ಚವನ್ನು ಮುಂಗಡವಾಗಿ ತೆತ್ತು, ಕಾಗದವಿರುವ ಲಕೋಟೆಯನ್ನು ರಿಜಿಸ್ಟರ್ಡ್ ಅಂಚೆಗೆ ಹಾಕಿದ್ದರೆ ಜಾರಿಯಾಯಿತೆಂದು ಭಾವಿಸಬೇಕು. ಸಾಮಾನ್ಯವಾಗಿ ಅಂಚೆ ಎಷ್ಟು ಹೊತ್ತಿಗೆ ಮುಟ್ಟುತ್ತದೆಯೋ ಆ ಹೊತ್ತಿಗೆ ಮುಟ್ಟಿತೆಂದು ತಿಳಿಯಬೇಕು. ಹಾಗೆ ಆಗಿಲ್ಲವೆಂದು ಸಾಧಿಸುವ ಹೊಣೆ ಎದುರು ಪಕ್ಷದವರದು. ಈ ಕಲಮಿನಲ್ಲಿ ಸ್ವೀಕೃತಿ ಕಾರ್ಡಿನ ಮಾತೇ ಇಲ್ಲ. ಕಾರ್ಡು ಇದ್ದರೆ ಕೆಲಸ ಹಗುರವಾಗುತ್ತದೆ, ಇಲ್ಲದಿದ್ದರೆ ಹಕ್ಕು ಬಿದ್ದುಹೋಗುವುದಿಲ್ಲ.

ಇದು ಶಾಸನಗಳಲ್ಲಿ ಹೇಳಿದ ನೋಟಿಸುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಖಾಸಗಿ ಕರಾರಿನ ನೋಟಿಸಿಗೂ ಇದೇ ಬಗೆಯ ಊಹೆಯನ್ನು ಸಾಕ್ಷ್ಯ ಕಾನೂನು ಕೊಡುತ್ತದೆ. ಹಳೆಯ 1872ರ ಕಾಯ್ದೆಯಲ್ಲಿ 114ನೇ ಕಲಮು ಆಗಿದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 119ನೇ ಕಲಮು ಆಗಿದೆ. ಅಂಚೆ ಕಚೇರಿಯಂಥ ವ್ಯವಸ್ಥೆಯಲ್ಲಿ ನಿತ್ಯದ ಕೆಲಸ ನಿತ್ಯದ ರೀತಿಯಲ್ಲೇ ನಡೆದಿದೆ ಎಂದು ನ್ಯಾಯಾಲಯ ಊಹಿಸಬಹುದು. ಊಹಿಸಲೇಬೇಕೆಂದೇನೂ ಇಲ್ಲ, ಆದುದರಿಂದ ಬೇರೆ ಪುರಾವೆಯನ್ನೂ ಜೊತೆಗೆ ಕಟ್ಟಿಕೊಳ್ಳಬೇಕು.

ಗುಮ್ಮಟ ನಗರಿ (ವಿಜಯಪುರ)
ಚೆಕ್ ಅಮಾನ್ಯವಾದ ಪ್ರಕರಣಗಳಲ್ಲಿ ಈ ವಿಷಯ ಪದೇ ಪದೇ ಬರುತ್ತದೆ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕೊಡಬೇಕು, ನೋಟಿಸು ಮುಟ್ಟಿದ 15 ದಿನದೊಳಗೆ ಹಣ ಕೊಡಬೇಕು ಎಂದು ಕಾನೂನು ಇರುವುದರಿಂದ, ಹಣ ಕೊಡಬೇಕಾದವರು ನೋಟಿಸನ್ನೇ ತಪ್ಪಿಸಿಕೊಳ್ಳಲು ನೋಡುತ್ತಾರೆ. ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಈ 27ನೇ ಕಲಮಿನ ಊಹೆಯನ್ನು ಎತ್ತಿಹಿಡಿಯಿತು. ನೋಟಿಸು ನಿಜವಾಗಿ ಬಂದಿಲ್ಲ ಎನ್ನುವವರು ಸಮನ್ಸ್ ಮುಟ್ಟಿದ 15 ದಿನದೊಳಗೆ ಹಣ ತುಂಬಬಹುದು, ತುಂಬದೆ ಬರಿದೇ "ಬಂದಿಲ್ಲ" ಎಂದು ವಾದಿಸುವಂತಿಲ್ಲ ಎಂದೂ ಹೇಳಿತು. ನಿಮ್ಮದು ಚೆಕ್ಕಿನ ಪ್ರಕರಣವಲ್ಲ. ಆದರೂ ಪತ್ರ ಮುಟ್ಟಿಲ್ಲವೆಂಬ ಬಾಯಿಮಾತನ್ನು ನ್ಯಾಯಾಲಯಗಳು ಯಾವ ಕಣ್ಣಿನಿಂದ ನೋಡುತ್ತವೆ ಎನ್ನುವುದು ಇದರಿಂದ ತಿಳಿಯುತ್ತದೆ.

ಬೆಲ್ಲದ ಪೆಂಟಿ (ಮಹಾಲಿಂಗಪುರ)
ಇಬ್ಬರಿಗೂ ಧನ್ಯವಾದಗಳು. ರಸೀದಿಯ ಮೇಲೆ ಸ್ಪೀಡ್ ಪೋಸ್ಟ್ ಎಂದು ಇರುವುದರ ಬಗ್ಗೆ ಏನು ಹೇಳುತ್ತೀರಿ? ಮಾಲೀಕರ ಕಡೆಯವರು ಅದನ್ನೇ ಹಿಡಿದು ಜಗ್ಗುತ್ತಾರೆ ಎಂಬ ಭಯ ನನಗಿದೆ.

ಟಪಾಲು ಚೀಲ (ಬಾಗಲಕೋಟೆ)
ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇದಕ್ಕೆ ನಾನು ಉತ್ತರಿಸುತ್ತೇನೆ.

ರಿಜಿಸ್ಟರ್ಡ್ ಅಂಚೆ ಎಂಬ ಪ್ರತ್ಯೇಕ ಸೇವೆಯನ್ನು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನ ಮಾಡಲಾಗಿದೆ. ಆ ದಿನದ ನಂತರ ಯಾರೇ ಕೌಂಟರಿಗೆ ಹೋಗಿ "ರಿಜಿಸ್ಟರ್ ಮಾಡಿರಿ" ಎಂದರೂ ಸಿಗುವುದು ಸ್ಪೀಡ್ ಪೋಸ್ಟಿನ ರಸೀದಿಯೇ. 2025ರ ಅಕ್ಟೋಬರ್ 1ರಿಂದ ಹೊಸ ದರಗಳ ಜೊತೆಗೆ "ನೋಂದಣಿ" ಎಂಬ ಹೆಚ್ಚುವರಿ ಸೌಲಭ್ಯ ಬಂದಿದೆ. ಒಂದು ಲಕೋಟೆಗೆ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ, ವಿಳಾಸದಲ್ಲಿರುವ ವ್ಯಕ್ತಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಬಟವಾಡೆ ಮಾಡುತ್ತಾರೆ. ಅಷ್ಟೇ ದರಕ್ಕೆ ಒಟಿಪಿ ಪಡೆದು ಬಟವಾಡೆ ಮಾಡುವ ಸೌಲಭ್ಯವೂ ಇದೆ.

ನಿಮ್ಮ ರಸೀದಿಯನ್ನು ಬೆಳಕಿಗೆ ಹಿಡಿದು ಒಂದೊಂದು ಸಾಲನ್ನೂ ಓದಿರಿ. ಸ್ಪೀಡ್ ಪೋಸ್ಟ್ ದರದ ಜೊತೆಗೆ ನೋಂದಣಿಯ ಶುಲ್ಕ ಬೇರೆಯಾಗಿ ನಮೂದಾಗಿದ್ದರೆ, ಕರಾರಿನ ಷರತ್ತು ಪೂರೈಸಿದೆ ಎನ್ನಲು ಅದಕ್ಕಿಂತ ಗಟ್ಟಿಯಾದ ಕಾಗದ ಬೇಕಾಗುವುದಿಲ್ಲ. ಆ ಶುಲ್ಕ ಇಲ್ಲದಿದ್ದರೂ, ಕರಾರು ಬರೆದಾಗ ಇದ್ದ ಸೇವೆಯನ್ನು ಇಲಾಖೆಯೇ ಇನ್ನೊಂದರಲ್ಲಿ ಸೇರಿಸಿದ ಮೇಲೆ ಅದರ ಜಾಗದಲ್ಲಿ ಉಳಿದದ್ದು ಸ್ಪೀಡ್ ಪೋಸ್ಟೇ ಎಂದು ವಾದಿಸಲು ಅವಕಾಶವಿದೆ.

ಇನ್ನೊಂದು ತುರ್ತಿನ ಮಾತು. ಆ ರಸೀದಿ ಥರ್ಮಲ್ ಕಾಗದದ್ದು. ಜೇಬಿನ ಬೆವರು, ಪ್ಲಾಸ್ಟಿಕ್ ಹಾಳೆ, ಬೇಸಿಗೆಯ ಬಿಸಿಲು, ಇವುಗಳಲ್ಲಿ ಯಾವುದು ತಗುಲಿದರೂ ಅಕ್ಷರಗಳು ಮಾಸುತ್ತವೆ. ಇಂದೇ ಝೆರಾಕ್ಸ್ ಮಾಡಿಸಿ, ಮೂಲ ರಸೀದಿಯನ್ನು ಸಾದಾ ಕಾಗದದ ಲಕೋಟೆಯಲ್ಲಿ ಇಡಿರಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿರಿ, ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿರಿ. ಲ್ಯಾಮಿನೇಶನ್ ಯಂತ್ರದ ಕಾವಿಗೆ ಇಡೀ ರಸೀದಿ ಕಪ್ಪಾಗಿಬಿಡುತ್ತದೆ.

ಇಳಕಲ್ ಸೆರಗು
ಲ್ಯಾಮಿನೇಶನ್ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಮಗ್ಗದ ಸಹಕಾರಿ ವ್ಯವಹಾರದಲ್ಲಿ ಒಬ್ಬರು ಬಹಳ ಕಾಳಜಿಯಿಂದ ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದ ರಸೀದಿ ಬೇಕಾದ ದಿನ ಕರಿ ಪಟ್ಟಿಯಾಗಿ ಹೊರಗೆ ಬಂದಿತು.

ಘಟಪ್ರಭಾ ದಂಡೆ (ಗೋಕಾಕ)
ಇಷ್ಟೆಲ್ಲ ಖರ್ಚು ಏಕೆ? ಹಿಂದೆ ನಮ್ಮ ಹಿರಿಯರು ಕಬ್ಬಿನ ಬಾಕಿಗಾಗಿ ಕಾರ್ಖಾನೆಗೆ ಪತ್ರ ಬರೆಯುವಾಗ ಯುಪಿಸಿ ಮಾಡಿಸುತ್ತಿದ್ದರು. ಒಂದು ಚೀಟಿಯ ಮೇಲೆ ವಿಳಾಸ ಬರೆದು ಕೊಟ್ಟರೆ ಅಂಚೆಯವರು ಮುದ್ರೆ ಹಾಕಿ ಕೊಡುತ್ತಿದ್ದರು. ಅದೇ ಸಾಕಾಗುತ್ತಿತ್ತು.

ಟಪಾಲು ಚೀಲ (ಬಾಗಲಕೋಟೆ)
ಅಂಡರ್ ಪೋಸ್ಟಲ್ ಸರ್ಟಿಫಿಕೇಟ್ ಸೇವೆಯನ್ನು 2011ರಲ್ಲಿಯೇ ನಿಲ್ಲಿಸಲಾಯಿತು. ಅದು ಇದ್ದ ಕಾಲದಲ್ಲಿಯೂ ಆ ಮುದ್ರೆಯನ್ನು ನ್ಯಾಯಾಲಯಗಳು ಅನುಮಾನದಿಂದ ನೋಡುತ್ತಿದ್ದವು. ಲಕೋಟೆಗೆ ಸಂಖ್ಯೆ ಇರುತ್ತಿರಲಿಲ್ಲ, ಬಟವಾಡೆಯ ದಾಖಲೆ ಇರುತ್ತಿರಲಿಲ್ಲ, ಹಿಂದಿನ ತಾರೀಖಿನ ಮುದ್ರೆ ಹಾಕಿಸಿಕೊಳ್ಳುವ ದುರುಪಯೋಗಕ್ಕೂ ಅಲ್ಲಿ ದಾರಿಯಿತ್ತು. ಈಗಿನ ಲಕೋಟೆಗೆ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ "ಐಎನ್" ಸೇರಿ 13 ಅಂಕಾಕ್ಷರಗಳ ಸಂಖ್ಯೆ ಇರುತ್ತದೆ. ಬುಕ್ಕಿಂಗಿನಿಂದ ಬಟವಾಡೆಯವರೆಗೆ ಆ ಸಂಖ್ಯೆಯ ಹೆಜ್ಜೆಗಳೆಲ್ಲ ದಾಖಲಾಗುತ್ತವೆ.

ಕಬ್ಬಿನ ಬಾಕಿಯ ಪತ್ರಕ್ಕಂತೂ ಇದು ಇನ್ನೂ ಅಗತ್ಯ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. ಅಂಥ ಬಡ್ಡಿಯನ್ನು ಕೇಳಿದ ರೈತನ ಬಳಿ, ಕೇಳಿದ ತಾರೀಖಿಗೆ ಪುರಾವೆ ಇರಬೇಕಲ್ಲವೇ?

ಘಟಪ್ರಭಾ ದಂಡೆ (ಗೋಕಾಕ)
ಯುಪಿಸಿ ನಿಂತುಹೋದದ್ದು ನನಗೆ ತಿಳಿದಿರಲಿಲ್ಲ. ಮಾಹಿತಿಗೆ ಧನ್ಯವಾದ. ಆದರೂ ಕಾರ್ಖಾನೆ, ತಹಶೀಲ್ದಾರ್ ಕಚೇರಿ, ಪಂಚಾಯಿತಿ ಇಂಥ ಕಡೆಗಳಿಗೆ ಅಂಚೆಗಿಂತ ಮುದ್ದಾಂ ಹೋಗಿ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಟಪಾಲು ವಿಭಾಗದಲ್ಲಿ ಪತ್ರ ಕೊಟ್ಟು, ನಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಖು ಮತ್ತು ಆವಕ ಸಂಖ್ಯೆ ಹಾಕಿಸಿಕೊಂಡರೆ ಮುಗಿಯಿತು. ಪತ್ರದಲ್ಲಿ ಏನು ಬರೆದಿತ್ತು ಎನ್ನುವುದಕ್ಕೂ ಅದೇ ಪ್ರತಿ ಪುರಾವೆಯಾಗುತ್ತದೆ.

ಕಪ್ಪು ಕೋಟು (ಬೆಳಗಾವಿ)
ಕಚೇರಿಗಳ ಮಟ್ಟಿಗೆ ನಿಮ್ಮ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಮುದ್ರೆಯ ಜೊತೆಗೆ ಆವಕ ಸಂಖ್ಯೆಯನ್ನು ಬರೆಸಿಕೊಳ್ಳಲೇಬೇಕು. ಬರಿಯ ಮುದ್ರೆಯಿದ್ದರೆ ಆಮೇಲೆ ಆವಕ-ಜಾವಕ ರಜಿಸ್ಟರಿನಲ್ಲಿ ಆ ಪತ್ರವನ್ನು ಹುಡುಕುವುದು ಕಷ್ಟ. ಆದರೆ ಖಾಸಗಿ ವ್ಯಕ್ತಿಯ ಮನೆ ಬಾಗಿಲಿಗೆ ಹೋಗಿ ನಿಂತರೆ ಅವರು ಸಹಿ ಮಾಡಿ ಕೊಡುತ್ತಾರೆಂಬ ಖಾತ್ರಿ ಇಲ್ಲ. ಅಲ್ಲಿ ಅಂಚೆಯೇ ದಾರಿ. ಬಾಡಿಗೆಯ ವಿಷಯದಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಅಂಚೆಯಿಂದ ಕಳಿಸುವುದನ್ನೂ, ಕೈಗೆ ಕೊಡುವುದನ್ನೂ, ಮನೆಯಲ್ಲಿರುವ ಕುಟುಂಬದವರಿಗೆ ಅಥವಾ ಆಳುಗಳಿಗೆ ಕೊಡುವುದನ್ನೂ ಒಪ್ಪುತ್ತದೆ. ಅದೂ ಸಾಧ್ಯವಾಗದಿದ್ದರೆ ಬಾಡಿಗೆಯ ಸ್ವತ್ತಿನ ಮೇಲೆ ಎದ್ದು ಕಾಣುವಂತೆ ಅಂಟಿಸಬಹುದು.

ನವನಗರ ನಿವಾಸಿ (ಬಾಗಲಕೋಟೆ)
ವಿಳಾಸದ ಬಗ್ಗೆ ಇಲ್ಲಿ ಯಾರೂ ಹೆಚ್ಚು ಮಾತನಾಡಿಲ್ಲ. 27ನೇ ಕಲಮಿನ ಮೊದಲ ಷರತ್ತೇ ಸರಿಯಾದ ವಿಳಾಸ. ನಮ್ಮೂರಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡು ನವನಗರಕ್ಕೆ ಬಂದ ಕುಟುಂಬಗಳ ಹಳೆಯ ಕಾಗದಗಳಲ್ಲಿ ಹಳೆಯ ಓಣಿಯ ವಿಳಾಸವೇ ಉಳಿದಿರುತ್ತದೆ. ಈಗ ಅವರು ಇರುವುದು ಸೆಕ್ಟರ್ ನಂಬರು, ಪ್ಲಾಟ್ ನಂಬರಿನ ಲೆಕ್ಕದಲ್ಲಿ. ಹಳೆಯ ಕರಾರು ನೋಡಿ ಹಳೆಯ ಓಣಿಗೆ ನೋಟಿಸು ಕಳಿಸಿದರೆ "ವಿಳಾಸದಾರರು ಬಿಟ್ಟುಹೋಗಿದ್ದಾರೆ" ಎಂಬ ಷರಾದೊಂದಿಗೆ ಮರಳುತ್ತದೆ, ಮತ್ತು ಆ ಷರಾ ಕಳಿಸಿದವರಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಎರಡು ವಿಳಾಸ ಗೊತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಲಕೋಟೆ ಕಳಿಸುವುದು ಕ್ಷೇಮ.

ಗುಮ್ಮಟ ನಗರಿ (ವಿಜಯಪುರ)
ವಿಳಾಸದ ಮಾತು ಬಂದದ್ದು ಒಳ್ಳೆಯದಾಯಿತು. ಬಿಜಾಪುರವು 2014ರ ನವೆಂಬರ್ 1ರಿಂದ ವಿಜಯಪುರವಾದ ಮೇಲೆ ನಮಗೆ ಹೊಸ ತೊಂದರೆಯೊಂದು ಶುರುವಾಗಿದೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಒಂದು ವಿಜಯಪುರವಿದೆ. ನಮ್ಮ ಪಿನ್ ಕೋಡುಗಳು 586ರಿಂದ ಶುರುವಾಗುತ್ತವೆ, ಅವರದು 562ರಿಂದ ಶುರುವಾಗುತ್ತದೆ. ನಮ್ಮ ಸಂಬಂಧಿಕರೊಬ್ಬರು ಪಿನ್ ಕೋಡ್ ಬರೆಯದೆ ಬೆಂಗಳೂರಿನಿಂದ ಕಳಿಸಿದ ಲಕೋಟೆ ಮೊದಲು ಆ ವಿಜಯಪುರವನ್ನು ನೋಡಿಕೊಂಡು ಆಮೇಲೆ ಈ ವಿಜಯಪುರಕ್ಕೆ ಬಂದಿತು, ಅಷ್ಟರಲ್ಲಿ ಉತ್ತರ ಕೊಡುವ ಗಡುವು ಮೀರಿತ್ತು. ಜಿಲ್ಲೆಯ ಹೆಸರು, ಪಿನ್ ಕೋಡ್ ಎರಡನ್ನೂ ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಟಪಾಲು ಚೀಲ (ಬಾಗಲಕೋಟೆ)
ಇದಕ್ಕೆ ಒಂದು ಸೇರ್ಪಡೆ. ರಸೀದಿಯ ಮೇಲೆ ಸಾಮಾನ್ಯವಾಗಿ ಹೆಸರು, ಊರು, ಪಿನ್ ಕೋಡ್ ಇಷ್ಟು ಇರುತ್ತವೆ. ಮನೆ ನಂಬರು, ಓಣಿಯ ಹೆಸರು ಪೂರ್ತಿಯಾಗಿ ಬರುತ್ತವೆಂದು ನಂಬುವಂತಿಲ್ಲ. ಆದುದರಿಂದ ಬಾರ್‌ಕೋಡ್ ಅಂಟಿದ ಲಕೋಟೆಯ ಫೋಟೊ ಬಹಳ ಬೆಲೆಯುಳ್ಳದ್ದು. ಪೂರ್ತಿ ವಿಳಾಸವೂ ರಸೀದಿಯಲ್ಲಿರುವ ಸಂಖ್ಯೆಯೂ ಒಂದೇ ಚಿತ್ರದಲ್ಲಿ ಬರುವುದರಿಂದ ವಿಳಾಸ ಸರಿಯಿತ್ತು ಎನ್ನುವುದಕ್ಕೆ ಅದೇ ಆಧಾರ. ಬೆಲ್ಲದ ಪೆಂಟಿಯವರು ಆ ಚಿತ್ರವನ್ನು ಯಾರಿಗೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿ ತಮ್ಮ ಮೂಲವನ್ನು ಅಳಿಸಬಾರದು. ಮೂಲ ಚಿತ್ರದಲ್ಲಿ ದಿನಾಂಕ ಮತ್ತು ಸಮಯ ಉಳಿದಿರುತ್ತವೆ.

ಬೆಲ್ಲದ ಪೆಂಟಿ (ಮಹಾಲಿಂಗಪುರ)
ರಸೀದಿಯನ್ನು ಈಗ ಪುನಃ ಓದಿದೆ. ನೋಂದಣಿಯ ಶುಲ್ಕ ಬೇರೆಯಾಗಿ ನಮೂದಾಗಿದೆ. ತೂಕ 40 ಗ್ರಾಂ ಎಂದು ಮುದ್ರಿತವಾಗಿದೆ. ಮೂಲ ಚಿತ್ರ ಮೊಬೈಲಿನಲ್ಲಿಯೇ ಇದೆ. ವಿಳಾಸ ಕರಾರು ಪತ್ರದಲ್ಲಿ ಇದ್ದಂತೆಯೇ ಇದೆ, ಈಗಲೂ ಮಾಲೀಕರು ಅದೇ ಮನೆಯಲ್ಲಿದ್ದಾರೆ.

ಇಳಕಲ್ ಸೆರಗು
ಲಕೋಟೆಯೊಳಗೆ ಎಷ್ಟು ಹಾಳೆ ಹಾಕಿದ್ದಿರಿ?

ಬೆಲ್ಲದ ಪೆಂಟಿ (ಮಹಾಲಿಂಗಪುರ)
ನೋಟಿಸು ಮೂರು ಹಾಳೆ, ಕರಾರು ಪತ್ರದ ನಕಲು ನಾಲ್ಕು ಹಾಳೆ. ಎಲ್ಲವೂ ಎ4 ಅಳತೆಯವು.

ಇಳಕಲ್ ಸೆರಗು
ಹಾಗಾದರೆ ಲೆಕ್ಕ ನೋಡಿರಿ. 75 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ 75 ಗ್ರಾಂ ತೂಗುತ್ತದೆ. ಒಂದು ಚದರ ಮೀಟರಿನಲ್ಲಿ 16 ಎ4 ಹಾಳೆಗಳು ಬರುತ್ತವೆ, ಅಂದರೆ ಒಂದು ಹಾಳೆಗೆ ಹತ್ತಿರ ಹತ್ತಿರ 4.7 ಗ್ರಾಂ. ಏಳು ಹಾಳೆ ಸೇರಿ ಸುಮಾರು 33 ಗ್ರಾಂ. ಲಕೋಟೆ ಮತ್ತು ಅಂಟಿನ ತೂಕ ಸೇರಿದರೆ 40 ಗ್ರಾಂ ಸರಿಯಾಗಿ ಹೊಂದುತ್ತದೆ. ಮಾಲೀಕರು ಹೇಳುವಂತೆ ಒಳಗೆ ಇದ್ದದ್ದು ಒಂದೇ ಖಾಲಿ ಹಾಳೆಯಾಗಿದ್ದರೆ ಲಕೋಟೆಯೂ ಸೇರಿ 12 ಗ್ರಾಮಿನ ಆಚೀಚೆ ಬರಬೇಕಾಗಿತ್ತು. ಸರ್ಕಾರಿ ತಕ್ಕಡಿಯ ಮೇಲೆ ಮುದ್ರಿತವಾದ ಅಂಕಿಯೇ ಅವರ ಮಾತನ್ನು ಸುಳ್ಳು ಮಾಡುತ್ತದೆ.

ಡೋಣಿ ಹೊಳೆ
ಕಾರ್ಡಿನ ಬಗ್ಗೆ ಮೇಲೆ ಕೊಟ್ಟ ವಿವರಣೆಯನ್ನು ಒಪ್ಪಿದೆ. ಆದರೆ ಈ ತೂಕದ ವಾದ ಅರ್ಧ ದಾರಿಗೆ ಮಾತ್ರ ಬರುತ್ತದೆ. ಏಳು ಖಾಲಿ ಹಾಳೆ ಹಾಕಿದರೂ ತೂಕ ಅಷ್ಟೇ ಬರುತ್ತದೆ. ನಾಳೆ ಅವರು "ಒಂದಲ್ಲ, ಏಳು ಖಾಲಿ ಹಾಳೆ ಇದ್ದವು" ಎಂದರೆ ಏನು ಮಾಡುತ್ತೀರಿ?

ಕಪ್ಪು ಕೋಟು (ಬೆಳಗಾವಿ)
ಪ್ರಶ್ನೆ ನ್ಯಾಯವಾಗಿದೆ. ಅಂಚೆ ಇಲಾಖೆ ಲಕೋಟೆ ಹೋಯಿತು, ಮುಟ್ಟಿತು ಎಂದು ಹೇಳಬಲ್ಲದು, ಒಳಗೆ ಏನಿತ್ತು ಎಂದು ಹೇಳಲಾರದು. ಕಳಿಸಿದ್ದು, ಮುಟ್ಟಿದ್ದು, ಒಳಗಿದ್ದದ್ದು, ಈ ಮೂರನ್ನೂ ಬೇರೆ ಬೇರೆಯಾಗಿ ಸಾಧಿಸಬೇಕಾಗುತ್ತದೆ. ಬಹಳಷ್ಟು ಕಕ್ಷಿದಾರರು ಮೊದಲನೆಯದರ ರಸೀದಿ ಹಿಡಿದು ಬಂದು ಮೂರೂ ಆಯಿತೆಂದು ತಿಳಿದಿರುತ್ತಾರೆ.

ಆದರೆ ಈ ಪ್ರಕರಣದಲ್ಲಿ ಮಾಲೀಕರೇ ನಮ್ಮ ಕೆಲಸ ಹಗುರ ಮಾಡಿದ್ದಾರೆ. ಮೊದಲು ಬಂದಿಲ್ಲ ಎಂದರು, ಆಮೇಲೆ ಬಂದಿತ್ತು ಎಂದು ಬರೆದು ಕೊಟ್ಟರು. ಆ ವಾಟ್ಸ್‌ಆ್ಯಪ್ ಬರಹದಿಂದ ಲಕೋಟೆ ಮುಟ್ಟಿದ್ದು ಅವರ ಒಪ್ಪಿಗೆಯಿಂದಲೇ ಸಾಬೀತಾಗುತ್ತದೆ, ಇನ್ನು ಸ್ವೀಕೃತಿ ಕಾರ್ಡಿನ ಚಿಂತೆ ಉಳಿಯುವುದಿಲ್ಲ. ಉಳಿದದ್ದು ಒಳಗಿನ ಕಾಗದದ ಪ್ರಶ್ನೆ. ಬಾಡಿಗೆದಾರರಿಂದ ರಿಜಿಸ್ಟರ್ ಮಾಡಿದ ಲಕೋಟೆಯೊಂದು ಬಂದು, ಅದರಲ್ಲಿ ಖಾಲಿ ಹಾಳೆ ಇದ್ದರೆ ಸಾಮಾನ್ಯ ಮನುಷ್ಯ ಏನು ಮಾಡುತ್ತಾನೆ? ಅಂದೇ ಫೋನು ಮಾಡಿ "ಏನಿದು, ಖಾಲಿ ಹಾಳೆ ಕಳಿಸಿದ್ದೀರಲ್ಲ" ಎಂದು ಕೇಳುತ್ತಾನೆ. ತಿಂಗಳುಗಟ್ಟಲೆ ಸುಮ್ಮನಿದ್ದು ಠೇವಣಿ ಕೇಳಿದ ದಿನ ಆ ಮಾತು ತೆಗೆಯುವುದಿಲ್ಲ. 119ನೇ ಕಲಮು ಮನುಷ್ಯರ ಸಹಜ ನಡವಳಿಕೆಯನ್ನೂ ಊಹೆಗೆ ಆಧಾರವೆಂದು ಹೇಳುತ್ತದೆ. ಹಾಗೆ ಆಕ್ಷೇಪಿಸಿದ ಒಂದಾದರೂ ಕಾಗದವನ್ನೋ ಸಂದೇಶವನ್ನೋ ಅವರು ತೋರಿಸಲಿ.

ನಮ್ಮ ಕಡೆಯಿಂದ ಸಹಿ ಮಾಡಿದ ನೋಟಿಸಿನ ಕಚೇರಿ ಪ್ರತಿ, ಅದನ್ನು ಟೈಪು ಮಾಡಿದ ಕಡತ, ಲಕೋಟೆಗೆ ಹಾಕುವಾಗ ಜೊತೆಗಿದ್ದವರ ಸಾಕ್ಷ್ಯ, ಇವೆಲ್ಲ ಬೇಕಾಗುತ್ತವೆ. ತೂಕದ ಅಂಕಿ ಒಂದೇ ಇದ್ದರೆ ಸಾಲದು, ಇವುಗಳ ಜೊತೆಗೆ ಸೇರಿದರೆ ಅದಕ್ಕೆ ಬಲ ಬರುತ್ತದೆ.

ಕಿತ್ತೂರು ಸೀಮೆ
ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ "ಸರ್ಟಿಫೈಡ್ ಮೇಲ್" ಎಂಬ ಸೇವೆ ಇದೆ. ಅದಕ್ಕೂ ಸಂಖ್ಯೆಯುಳ್ಳ ರಸೀದಿ ಕೊಡುತ್ತಾರೆ, ಹೆಚ್ಚು ಹಣ ಕೊಟ್ಟರೆ ಹಸಿರು ಬಣ್ಣದ ಸ್ವೀಕೃತಿ ಕಾರ್ಡು ಸಹಿಯೊಂದಿಗೆ ಮರಳಿ ಬರುತ್ತದೆ. ಅಲ್ಲಿ ಮನೆಯ ಠೇವಣಿಯ ವಿವಾದದಲ್ಲಿ ಅವಳಿಗೆ ವಕೀಲರು ಹೇಳಿಕೊಟ್ಟ ಕ್ರಮ ಇಲ್ಲಿಯೂ ನಡೆಯುತ್ತದೆ ಎಂದು ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಸಂಖ್ಯೆಯನ್ನು ಪತ್ರದ ಮೊದಲ ಪುಟದ ತಲೆಯಲ್ಲಿಯೇ ಬರೆಯಬೇಕು. ಆಗ ಯಾವ ಪತ್ರ ಯಾವ ಲಕೋಟೆಯಲ್ಲಿ ಹೋಯಿತು ಎಂಬ ನಂಟು ಪತ್ರದಲ್ಲೇ ಉಳಿಯುತ್ತದೆ.

ಟಪಾಲು ಚೀಲ (ಬಾಗಲಕೋಟೆ)
ಅಲ್ಲಿ ರಸೀದಿಯ ಫಾರಮ್ಮಿನ ಮೇಲೆ ಸಂಖ್ಯೆ ಮೊದಲೇ ಮುದ್ರಿತವಾಗಿರುವುದರಿಂದ ಮನೆಯಲ್ಲಿಯೇ ಬರೆದುಕೊಳ್ಳಬಹುದು. ಇಲ್ಲಿ ಲಕೋಟೆ ಅಂಟಿಸಿ ಕೌಂಟರಿಗೆ ಕೊಟ್ಟ ಮೇಲೆ ಬಾರ್‌ಕೋಡ್ ಬರುತ್ತದೆ, ಒಳಗಿನ ಪತ್ರದ ಮೇಲೆ ಬರೆಯಲು ಆಗುವುದಿಲ್ಲ. ನಮ್ಮ ಬಳಿಯಲ್ಲಿ ಉಳಿದ ಕಚೇರಿ ಪ್ರತಿಯ ಮೇಲೆ ಅಂದೇ ಸಂಖ್ಯೆ ಬರೆದು, ತಾರೀಖು ಹಾಕಿ, ಜೊತೆಗಿದ್ದವರಿಂದ ಸಹಿ ಮಾಡಿಸಿಡಬಹುದು. ಪತ್ರದ ಕೊನೆಯಲ್ಲಿ "ಲಗತ್ತು: ಕರಾರು ಪತ್ರದ ನಕಲು, 4 ಹಾಳೆ" ಎಂದು ಬರೆಯುವ ರೂಢಿಯೂ ಒಳ್ಳೆಯದು.

ಚಿಕ್ಕೋಡಿ ಚಾವಡಿ
ಅದೇ ಪತ್ರವನ್ನು ಅಂದೇ ವಾಟ್ಸ್‌ಆ್ಯಪಿನಲ್ಲಿಯೂ ಇಮೇಲಿನಲ್ಲಿಯೂ ಪಿಡಿಎಫ್ ಮಾಡಿ ಕಳಿಸಿದರೆ ಒಳಗೆ ಏನಿತ್ತು ಎಂಬ ವಿವಾದವೇ ಹುಟ್ಟುವುದಿಲ್ಲ. 2018ರಲ್ಲಿ ಬಾಂಬೆ ಹೈಕೋರ್ಟು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಪಿಡಿಎಫ್ ನೋಟಿಸನ್ನು ಎದುರು ಪಕ್ಷದವರು ತೆರೆದು ನೋಡಿದ ಗುರುತಿನ ಆಧಾರದ ಮೇಲೆ ಜಾರಿಯಾಗಿದೆ ಎಂದು ಒಪ್ಪಿತ್ತು.

ಗುಮ್ಮಟ ನಗರಿ (ವಿಜಯಪುರ)
ಅದನ್ನೇ ನೆಚ್ಚಿಕೊಂಡು ಅಂಚೆ ಬಿಡುವಂತಿಲ್ಲ. ಪೊಲೀಸರು ಕೊಡುವ ಹಾಜರಾತಿ ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಬಾರದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಯಾವ ನೋಟಿಸಿಗೆ ಯಾವ ದಾರಿ ಎಂದು ಕಾನೂನು ಅಥವಾ ಕರಾರು ಹೇಳಿದ್ದರೆ ಆ ದಾರಿಯಲ್ಲೇ ಹೋಗಬೇಕು. ವಾಟ್ಸ್‌ಆ್ಯಪ್ ಹೆಚ್ಚುವರಿಯಾಗಿ ಇರಲಿ. ಇಲ್ಲಿ ಕರಾರು ರಿಜಿಸ್ಟರ್ಡ್ ಅಂಚೆ ಎಂದಿದೆ, ಖಾಸಗಿ ಕೊರಿಯರ್ ಕೂಡ ನಡೆಯುತ್ತಿರಲಿಲ್ಲ.

ಕಪ್ಪು ಕೋಟು (ಬೆಳಗಾವಿ)
ಒಪ್ಪಿದೆ. ಇದರ ಜೊತೆಗೆ ಇನ್ನೊಂದು ಮಾತು. ಮೊಬೈಲಿನ ಫೋಟೊ, ವಾಟ್ಸ್‌ಆ್ಯಪ್ ಸಂದೇಶ, ಅಂಚೆ ಇಲಾಖೆಯ ಜಾಲತಾಣದಿಂದ ಮುದ್ರಿಸಿದ ಟ್ರ್ಯಾಕಿಂಗ್ ವಿವರ, ಇವು ಮೂರೂ ವಿದ್ಯುನ್ಮಾನ ದಾಖಲೆಗಳು. ಇವುಗಳ ಮುದ್ರಿತ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರಂತೆ ಪ್ರಮಾಣಪತ್ರ ಲಗತ್ತಿಸಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ ಇದು ಬಂದಿದೆ. ಈಗ ಅದರಲ್ಲಿ ಎರಡು ಭಾಗಗಳಿವೆ, ಒಂದನ್ನು ಕಕ್ಷಿದಾರರು ತುಂಬಬೇಕು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಖ್ಯೆ) ನಮೂದಿಸಬೇಕು. ವಕೀಲರ ಬಳಿಗೆ ಹೋಗುವಾಗ ಮೊಬೈಲನ್ನು ಜೊತೆಗೆ ಒಯ್ಯಿರಿ. ಆ ಮೊಬೈಲನ್ನು ಸದ್ಯಕ್ಕೆ ಮಾರಬೇಡಿರಿ, ಬದಲಾಯಿಸಬೇಡಿರಿ.

ಬೆಲ್ಲದ ಪೆಂಟಿ (ಮಹಾಲಿಂಗಪುರ)
ಜಾಲತಾಣದಲ್ಲಿ ಸಂಖ್ಯೆ ಹಾಕಿ ನೋಡಿದರೆ ಈಗ ವಿವರ ಬರುತ್ತಿಲ್ಲ.

ಟಪಾಲು ಚೀಲ (ಬಾಗಲಕೋಟೆ)
ಜಾಲತಾಣದಲ್ಲಿ ಹಳೆಯ ವಿವರಗಳು ಸದಾ ಸಿಗುವುದಿಲ್ಲ. ಆದುದರಿಂದಲೇ ಬಟವಾಡೆಯಾದ ವಾರದೊಳಗೆ ಅದನ್ನು ಮುದ್ರಿಸಿ ಇಟ್ಟುಕೊಳ್ಳಬೇಕೆಂದು ಕೌಂಟರಿನಲ್ಲಿ ಬಂದವರಿಗೆಲ್ಲ ನಾನು ಹೇಳುತ್ತಿದ್ದೆ. ಆದರೂ ದಾರಿ ಮುಚ್ಚಿಲ್ಲ. ರಸೀದಿಯ ಝೆರಾಕ್ಸ್ ಲಗತ್ತಿಸಿ, ಬುಕ್ಕಿಂಗ್ ಮಾಡಿದ ಕಚೇರಿಯ ಪೋಸ್ಟ್‌ಮಾಸ್ಟರರಿಗೆ ಲಿಖಿತವಾಗಿ ಬಟವಾಡೆಯ ವಿವರ ಕೇಳಿರಿ. ಅದರ ಜೊತೆಗೇ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಯನ್ನೂ ಹಾಕಿರಿ. ಬಟವಾಡೆ ಆದದ್ದು ಬೆಳಗಾವಿಯಲ್ಲಿ, ಆದುದರಿಂದ ಬೆಳಗಾವಿ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. 10 ರೂಪಾಯಿಯ ಶುಲ್ಕವನ್ನು ಪೋಸ್ಟಲ್ ಆರ್ಡರ್ ಮೂಲಕ ಕೊಡಬಹುದು. 30 ದಿನದೊಳಗೆ ಉತ್ತರ ಬರಬೇಕು.

ಅರ್ಜಿಯಲ್ಲಿ "ನನ್ನ ಪತ್ರ ಏನಾಯಿತು" ಎಂದು ಕೇಳಬೇಡಿರಿ. ಲಕೋಟೆಯ ಸಂಖ್ಯೆ, ಬುಕ್ಕಿಂಗ್ ದಿನಾಂಕ ಬರೆದು, "ಈ ಲಕೋಟೆಯನ್ನು ಬಟವಾಡೆ ಮಾಡಿದ ದಿನಾಂಕ, ಸಮಯ ಮತ್ತು ಸ್ವೀಕರಿಸಿದವರ ಸಹಿ ಇರುವ ದಾಖಲೆಯ ದೃಢೀಕೃತ ಪ್ರತಿ ಕೊಡಬೇಕು" ಎಂದು ಕೇಳಿರಿ. ಈಗ ಪೋಸ್ಟ್‌ಮನ್ನರು ಮೊಬೈಲಿನ ಪರದೆಯ ಮೇಲೆಯೇ ಸಹಿ ಪಡೆಯುತ್ತಾರೆ. ಈ ದಾಖಲೆಗಳನ್ನು ನಿಗದಿತ ಅವಧಿಯವರೆಗೆ ಮಾತ್ರ ಕಾಯ್ದಿಡುವುದರಿಂದ ತಡಮಾಡದೆ ಈ ವಾರವೇ ಕಳಿಸಿರಿ.

ನವನಗರ ನಿವಾಸಿ (ಬಾಗಲಕೋಟೆ)
ಒಂದು ಅನುಮಾನವಿದೆ. ಲಕೋಟೆಯನ್ನು ತೆಗೆದುಕೊಳ್ಳಲು ಅವರು ಒಪ್ಪದೆ ಮರಳಿಸಿದ್ದರೆ ಏನಾಗುತ್ತಿತ್ತು?

ಕಪ್ಪು ಕೋಟು (ಬೆಳಗಾವಿ)
ಅದು ಕಳಿಸಿದವರಿಗೆ ಇನ್ನೂ ಅನುಕೂಲ. "ನಿರಾಕರಿಸಿದರು" ಎಂಬ ಷರಾ ಇದ್ದು ಮರಳಿದರೆ ಅದನ್ನು ಜಾರಿಯೆಂದೇ ನ್ಯಾಯಾಲಯಗಳು ತಿಳಿಯುತ್ತವೆ. ಸಮನ್ಸಿನ ವಿಷಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 9ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸರಿಯಾದ ವಿಳಾಸಕ್ಕೆ ಸ್ವೀಕೃತಿಯೊಂದಿಗಿನ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಸಮನ್ಸಿನ ಸ್ವೀಕೃತಿ 30 ದಿನದೊಳಗೆ ಬಾರದಿದ್ದರೂ ಜಾರಿಯಾಯಿತೆಂದು ಘೋಷಿಸಬಹುದೆಂದೂ ಅಲ್ಲಿದೆ. ಮನೆಗೆ ಬೀಗವಿದ್ದರೆ ಪೋಸ್ಟ್‌ಮನ್ನರು ಸೂಚನೆಯ ಚೀಟಿ ಬಿಟ್ಟು, ಏಳು ದಿನ ಕಚೇರಿಯಲ್ಲಿ ಇಟ್ಟುಕೊಂಡು, ಆಮೇಲೆ "ಪಡೆಯಲು ಬಂದಿಲ್ಲ" ಎಂಬ ಷರಾದೊಂದಿಗೆ ಮರಳಿಸುತ್ತಾರೆ. ಹಾಗೆ ಮರಳಿ ಬಂದ ಲಕೋಟೆಯನ್ನು ಯಾರೂ ಒಡೆಯಬಾರದು. ಅಂಟು ಬಿಚ್ಚದ ಲಕೋಟೆಯನ್ನು ನ್ಯಾಯಾಧೀಶರ ಎದುರಿಗೆ ಒಡೆದಾಗ ಒಳಗಿನ ಪತ್ರವೇ ಸಾಕ್ಷಿ ಹೇಳುತ್ತದೆ.

ಡೋಣಿ ಹೊಳೆ
ಈ ಕೊನೆಯ ಮಾತು ಬಹಳ ಉಪಯುಕ್ತವಾಗಿದೆ. ಊರಲ್ಲಿ ಎಲ್ಲರೂ ಮರಳಿ ಬಂದ ಲಕೋಟೆಯನ್ನು ಮೊದಲು ಒಡೆದೇ ನೋಡುತ್ತಾರೆ.

ಬೆಲ್ಲದ ಪೆಂಟಿ (ಮಹಾಲಿಂಗಪುರ)
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ, ರಸೀದಿಯ ಝೆರಾಕ್ಸ್ ಆಗಿದೆ. ಲಕೋಟೆ ಅಂಟಿಸುವಾಗ ಅಂಗಡಿಯಲ್ಲಿದ್ದ ನಮ್ಮ ಗುಮಾಸ್ತರು ಸಾಕ್ಷಿ ಹೇಳಲು ಸಿದ್ಧರಿದ್ದಾರೆ. ಮುಧೋಳದ ವಕೀಲರನ್ನು ಕಾಣುವ ಮೊದಲು ಒಂದೇ ಪ್ರಶ್ನೆ: ಅದೇ ನೋಟಿಸನ್ನು ಈಗ ಇನ್ನೊಮ್ಮೆ ಕಳಿಸಬೇಕೆ?

ಕಪ್ಪು ಕೋಟು (ಬೆಳಗಾವಿ)
ಅದನ್ನು ಹೊಸ ನೋಟಿಸೆಂಬಂತೆ ಕಳಿಸಬೇಡಿರಿ. ಹಾಗೆ ಕಳಿಸಿದರೆ ಮೂರು ತಿಂಗಳು ಇಂದಿನಿಂದ ಶುರುವಾಯಿತೆಂದು ಅವರು ಹೇಳುತ್ತಾರೆ. ವಕೀಲರ ಮೂಲಕ ಠೇವಣಿ ಕೇಳುವ ಪತ್ರ ಕಳಿಸಿರಿ. ಅದರಲ್ಲಿ ಮೊದಲ ನೋಟಿಸಿನ ದಿನಾಂಕ, ಲಕೋಟೆಯ ಸಂಖ್ಯೆ, ರಸೀದಿಯಲ್ಲಿರುವ ತೂಕ, ಅವರ ವಾಟ್ಸ್‌ಆ್ಯಪ್ ಸಂದೇಶದ ದಿನಾಂಕ, ಇವಿಷ್ಟನ್ನೂ ಬರೆದು, ಮೊದಲ ನೋಟಿಸಿನ ನಕಲನ್ನು "ಈಗಾಗಲೇ ತಮಗೆ ಮುಟ್ಟಿರುವ ನೋಟಿಸಿನ ಪ್ರತಿ" ಎಂದು ಲಗತ್ತಿಸಿರಿ.

ಟಪಾಲು ಚೀಲ (ಬಾಗಲಕೋಟೆ)
ಅದನ್ನು ಬುಕ್ ಮಾಡುವಾಗ ನೋಂದಣಿಯ ಜೊತೆಗೆ ಬಟವಾಡೆಯ ಪುರಾವೆಯನ್ನೂ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿರಿ. ಕೇಳದಿದ್ದರೆ ಅದನ್ನು ಸೇರಿಸುವುದಿಲ್ಲ, ಅದರ ಶುಲ್ಕ ಬೇರೆಯಾಗಿ ಬೀಳುತ್ತದೆ. ರಸೀದಿ ಕೈಗೆ ಬಂದ ಕೂಡಲೇ ಕೌಂಟರ್ ಬಿಡುವ ಮೊದಲು ಹೆಸರು, ಪಿನ್ ಕೋಡ್ ಮತ್ತು ತೂಕವನ್ನು ಓದಿಕೊಳ್ಳಿರಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಸಬಹುದು.